ಹಲಗೆ ಬದಲಾಯಿತು, ಹಡಗು ಕದಲಲಿಲ್ಲ

ಎಲ್ಲರೂ ಹೊಗಳಿದ ಸಿನಿಮಾ ನೋಡಿ ಸಪ್ಪೆ ಮುಖದಿಂದ ಹೊರಬಂದವರಿಗೆ ಎರಡು ಸಿದ್ಧ ಉತ್ತರಗಳು ಕಾದಿರುತ್ತವೆ. ‘ನಿಮಗೆ ಅರ್ಥವಾಗಿಲ್ಲ ಬಿಡಿ’ ಎನ್ನುವುದು ಒಂದು. ‘ವಿಮರ್ಶಕರು ಹೊಗಳುವುದೇ ಅರ್ಥವಾಗದ್ದನ್ನು’ ಎನ್ನುವುದು ಇನ್ನೊಂದು. ಎರಡೂ ಮಾಡುವ ಕೆಲಸ ಒಂದೇ, ಮಾತನ್ನು ಅಲ್ಲಿಗೇ ಮುಗಿಸುವುದು. ಸಿನಿಮಾದಲ್ಲಿ ಒಂದಿಷ್ಟು ತತ್ತ್ವಶಾಸ್ತ್ರವೂ ಸೇರಿಬಿಟ್ಟರೆ ನೋಡುಗನ ಪಾಡು ಇನ್ನೂ ಕಷ್ಟ. ಹಾಡು, ಹೊಡೆದಾಟದ ಚಿತ್ರ ಹಿಡಿಸಲಿಲ್ಲ ಎಂದು ಯಾರ ಮುಂದೆ ಬೇಕಾದರೂ ಹೇಳಬಹುದು. ಆತ್ಮ, ದೇಹ, ನಾನು ಯಾರು ಎಂದೆಲ್ಲ ಕೇಳುವ ಚಿತ್ರ ಹಿಡಿಸಲಿಲ್ಲ ಎನ್ನಲು ಮಾತ್ರ ಅಳುಕು. ನಮ್ಮ ದಡ್ಡತನವನ್ನು ನಾವೇ ಒಪ್ಪಿಕೊಂಡಂತಾದೀತೆಂಬ ಹಿಂಜರಿಕೆ. ಹಾಗಾದರೆ ತಪ್ಪು ಯಾರದು ಎಂಬ ಪ್ರಶ್ನೆ ಓದುಗರಿಂದ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಇದನ್ನು ಸಾಮಾನ್ಯವಾಗಿ ಚರ್ಚಿಸಿದರೆ ಎಲ್ಲಿಗೂ ಮುಟ್ಟುವುದಿಲ್ಲ. ಒಂದೇ ಚಿತ್ರವನ್ನು ಮುಂದಿಟ್ಟುಕೊಂಡು, ಅದು ಎಲ್ಲಿ ಕೈಕೊಟ್ಟಿತು ಎಂದು ಹುಡುಕುವುದು ವಾಸಿ. ನಾನು ಆರಿಸಿಕೊಂಡದ್ದು ಆನಂದ್ ಗಾಂಧಿಯವರ ‘ಶಿಪ್ ಆಫ್ ಥೀಸಿಯಸ್’.

ಈ ಚಿತ್ರದ ಮಾನಸನ್ಮಾನಗಳನ್ನು ಮೊದಲೇ ಹೇಳಿಬಿಡುವುದು ನ್ಯಾಯ. 2012ರಲ್ಲಿ ಟೊರಾಂಟೊ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡು, 2013ರ ಜುಲೈನಲ್ಲಿ ಕಿರಣ್ ರಾವ್ ಅವರ ಬೆಂಬಲದೊಂದಿಗೆ ನಮ್ಮ ಚಿತ್ರಮಂದಿರಗಳಿಗೆ ಬಂತು. ಆ ಸಾಲಿನ ಅತ್ಯುತ್ತಮ ಕಥಾಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆಯಿತು. ಕುರುಡಿ ಛಾಯಾಗ್ರಾಹಕಿಯ ಪಾತ್ರ ಮಾಡಿದ ಈಜಿಪ್ಟಿನ ಆಯ್ದಾ ಎಲ್ ಕಾಶೆಫ್ ಅವರಿಗೆ ಪೋಷಕ ನಟಿ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ನಿರ್ದೇಶಕರಿಗೆ ಇದು ಮೊದಲ ಕಥಾಚಿತ್ರ. ಅದಕ್ಕೂ ಹಿಂದೆ, ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ, ‘ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ’ ಧಾರಾವಾಹಿಗೆ ಬರೆಯುತ್ತಿದ್ದವರು ಅವರು. ಅಲ್ಲಿಂದ ಇಲ್ಲಿಗೆ ಹಾರುವುದು ಸಣ್ಣ ಸಾಹಸವಲ್ಲ. ಪಂಕಜ್ ಕುಮಾರ್ ಅವರ ಛಾಯಾಗ್ರಹಣವನ್ನಂತೂ ಯಾರೂ ದೂರಲಾರರು. ಬಿಳಿ ಬಟ್ಟೆಯ ಸನ್ಯಾಸಿಗಳು ದೈತ್ಯ ಗಾಳಿಯಂತ್ರಗಳ ಬದಿಯಲ್ಲಿ ಸಾಲಾಗಿ ನಡೆದುಹೋಗುವ ಆ ದೃಶ್ಯ, ಚಿತ್ರ ಮರೆತವರಿಗೂ ನೆನಪಿರುತ್ತದೆ. ಇಷ್ಟೆಲ್ಲ ಇದ್ದೂ ಚಿತ್ರ ಮುಗಿದಾಗ ಕೈಗೆ ಏನೂ ಸಿಗಲಿಲ್ಲವಲ್ಲ ಎನಿಸುತ್ತದೆ. ಅದು ನಿಧಾನವಾಗಿರುವುದರಿಂದಲೋ ಕಠಿಣವಾಗಿರುವುದರಿಂದಲೋ ಹಾಗಾಗುವುದಿಲ್ಲ. ಚಿತ್ರ ಒಂದು ಪ್ರಶ್ನೆಯನ್ನು ಬಾಗಿಲಲ್ಲೇ ತೂಗುಹಾಕಿ ನಮ್ಮನ್ನು ಒಳಗೆ ಕರೆಯುತ್ತದೆ. ಒಳಗಿರುವ ಯಾರಿಗೂ ಆ ಪ್ರಶ್ನೆ ತಟ್ಟಿಯೇ ಇಲ್ಲ.

ಪ್ರಶ್ನೆ ಹಳೆಯದು. ಥೀಸಿಯಸ್ ಎಂಬ ವೀರ ಮರಳಿ ತಂದ ಮೂವತ್ತು ಹುಟ್ಟುಗಳ ಹಡಗನ್ನು ಅಥೆನ್ಸಿನ ಜನ ಬಹುಕಾಲ ಕಾಪಾಡಿಕೊಂಡು ಬಂದರಂತೆ. ಹಲಗೆ ಕೊಳೆತಾಗ ಅದನ್ನು ಕಿತ್ತು ಹೊಸದು ಹಾಕುತ್ತಿದ್ದರು. ಹೀಗೆ ಎಲ್ಲ ಹಲಗೆಯೂ ಬದಲಾದ ಮೇಲೆ ಅದು ಅದೇ ಹಡಗೇ ಎಂದು ತತ್ತ್ವಜ್ಞಾನಿಗಳು ಜಗಳವಾಡುತ್ತಿದ್ದರೆಂದು ಪ್ಲುಟಾರ್ಕ್ ಬರೆದಿದ್ದಾನೆ. 1655ರಲ್ಲಿ ಥಾಮಸ್ ಹಾಬ್ಸ್ ಇದಕ್ಕೊಂದು ಕೊಕ್ಕೆ ಹಾಕಿದ. ಕಿತ್ತೆಸೆದ ಹಳೆಯ ಹಲಗೆಗಳನ್ನೆಲ್ಲ ಒಬ್ಬ ಕೂಡಿಸಿಟ್ಟುಕೊಂಡು, ಅದೇ ಕ್ರಮದಲ್ಲಿ ಇನ್ನೊಂದು ಹಡಗು ಕಟ್ಟಿದರೆ ಎರಡರಲ್ಲಿ ನಿಜವಾದದ್ದು ಯಾವುದು? ಚಿತ್ರದ ಆರಂಭದಲ್ಲಿ ತೆರೆಯ ಮೇಲೆ ಮೂಡುವ ಬರಹ ಈ ಎರಡು ಪ್ರಶ್ನೆಗಳನ್ನೂ ಕೇಳುತ್ತದೆ. ಆಮೇಲೆ ಅಂಗಾಂಗ ಕಸಿ ಮಾಡಿಸಿಕೊಂಡ ಮೂವರ ಕತೆಗಳು ಬರುತ್ತವೆ. ಕಾರ್ನಿಯಾ, ಯಕೃತ್ತು, ಕಿಡ್ನಿ. ದೇಹವೇ ಹಡಗು, ಅಂಗಗಳೇ ಹಲಗೆ ಎಂಬ ಲೆಕ್ಕ ನಮಗೆ ತಕ್ಷಣ ಹೊಳೆಯುತ್ತದೆ. ಹೊಳೆದದ್ದಕ್ಕೆ ಒಂದಿಷ್ಟು ಖುಷಿಯೂ ಆಗುತ್ತದೆ, ಆ ಖುಷಿಯಲ್ಲಿ ಹೋಲಿಕೆ ಸರಿಹೋಗುತ್ತದೆಯೇ ಎಂದು ನೋಡುವುದು ಮರೆತುಹೋಗುತ್ತದೆ.

ಸರಿಹೋಗುವುದಿಲ್ಲ. ಒಂದೇ ಒಂದು ಹಲಗೆ ಬದಲಾದ ಹಡಗಿನ ಬಗ್ಗೆ ಯಾವ ಅಥೆನ್ಸಿಗನೂ ತಲೆಕೆಡಿಸಿಕೊಂಡಿರಲಾರ. ಎಲ್ಲವೂ ಬದಲಾದಾಗ ಏನು ಎನ್ನುವುದೇ ಒಗಟಿನ ಜೀವ. ಕಿಡ್ನಿ ಹಾಕಿಸಿಕೊಂಡವನಿಗೆ ಮಾತ್ರೆಯ ಚಿಂತೆ, ಸೋಂಕಿನ ಚಿಂತೆ, ಹೊಸ ಅಂಗವನ್ನು ಮೈ ತಿರಸ್ಕರಿಸೀತೆಂಬ ಚಿಂತೆ ಇರುತ್ತದೆ. ನಾನು ಇನ್ನೂ ನಾನೇ ಹೌದೇ ಎಂಬ ಚಿಂತೆಗೆ ಅವನನ್ನು ತಳ್ಳಬೇಕಾದರೆ ಕತೆಗಾರ ಬೇರೇನನ್ನೋ ಮಾಡಬೇಕು. ಅದು ಹೇಗೆಂದು ನಮ್ಮ ಪುರಾತನರಿಗೆ ಗೊತ್ತಿತ್ತು. ನಾಗಾರ್ಜುನನ ಹೆಸರಿನಲ್ಲಿ ಚೀನೀ ಭಾಷೆಯಲ್ಲಷ್ಟೇ ಉಳಿದುಬಂದಿರುವ ಒಂದು ಬೌದ್ಧ ವ್ಯಾಖ್ಯಾನದಲ್ಲಿ ಹೀಗೊಂದು ಕತೆ ಬರುತ್ತದೆ. ಪಾಳುಮನೆಯಲ್ಲಿ ರಾತ್ರಿ ತಂಗಿದ ದಾರಿಹೋಕನ ಮುಂದೆ ಎರಡು ರಾಕ್ಷಸರು ಒಂದು ಹೆಣಕ್ಕಾಗಿ ಕಚ್ಚಾಡುತ್ತಾರೆ. ಹೆಣ ತಂದವರು ಯಾರು ಎಂದು ಇವನನ್ನೇ ಸಾಕ್ಷಿ ಕೇಳುತ್ತಾರೆ. ಇವನು ನಿಜ ಹೇಳುತ್ತಾನೆ. ಸೋತ ರಾಕ್ಷಸ ಸಿಟ್ಟಿಗೆದ್ದು ಇವನ ಕೈ ಕೀಳುತ್ತಾನೆ, ಗೆದ್ದವನು ಹೆಣದ ಕೈ ತಂದು ಜೋಡಿಸುತ್ತಾನೆ. ಇನ್ನೊಂದು ಕೈ, ಕಾಲು, ತಲೆ, ಪಕ್ಕೆ ಎಲ್ಲವೂ ಹೀಗೇ. ಕಿತ್ತದ್ದನ್ನೆಲ್ಲ ಇಬ್ಬರೂ ಹಂಚಿಕೊಂಡು ತಿಂದು, ಬಾಯಿ ಒರೆಸಿಕೊಂಡು ಹೋಗುತ್ತಾರೆ. ಅಪ್ಪ ಅಮ್ಮ ಕೊಟ್ಟ ಮೈ ಕಣ್ಣೆದುರೇ ತೀರಿಹೋಯಿತು, ಈಗ ನನಗೆ ಮೈ ಇದೆಯೋ ಇಲ್ಲವೋ ಎಂದು ಅವನು ಬೆಳಗಾಗುತ್ತಲೇ ಭಿಕ್ಷುಗಳ ಬಳಿ ಓಡುತ್ತಾನೆ. ಇದೇ ಹಡಗಿನ ಒಗಟು. ಆದರೆ ಇಲ್ಲಿ ಒಗಟು ಹೊತ್ತವನು ಓಡುತ್ತಿದ್ದಾನೆ. ಆನಂದ್ ಗಾಂಧಿಯವರ ಚಿತ್ರದಲ್ಲಿ ಹೀಗೆ ಓಡುವವರು ಯಾರೂ ಇಲ್ಲ.

ಮೊದಲ ಕತೆಯ ಆಲಿಯಾ, ಸೋಂಕಿನಿಂದ ದೃಷ್ಟಿ ಕಳೆದುಕೊಂಡು ಮುಂಬೈಯಲ್ಲಿ ವಾಸವಾಗಿರುವವಳು. ಸದ್ದು ಹಿಡಿದು ಕ್ಯಾಮೆರಾ ತಿರುಗಿಸುತ್ತಾಳೆ. ತೆಗೆದ ಚಿತ್ರದ ಬಣ್ಣ, ಬೆಳಕುಗಳನ್ನು ಯಂತ್ರದ ದನಿ ಓದಿ ಹೇಳುತ್ತದೆ. ಯಾವ ಚಿತ್ರ ಉಳಿಯಬೇಕು, ಯಾವುದು ಹೋಗಬೇಕು ಎಂದು ಸಂಗಾತಿಯೊಡನೆ ಜಗಳವಾಗುತ್ತದೆ. ತಾನು ಉದ್ದೇಶಿಸದೆ ಆಕಸ್ಮಿಕವಾಗಿ ಸಿಕ್ಕ ಚಿತ್ರ ತನ್ನದಲ್ಲ ಎನ್ನುವುದು ಅವಳ ಹಟ. ಚಿತ್ರದ ಅತ್ಯಂತ ಜೀವಂತ ಮಾತುಕತೆಗಳಲ್ಲಿ ಇದೂ ಒಂದು, ಯಾಕೆಂದರೆ ಇಲ್ಲಿ ಇಬ್ಬರಿಗೂ ಕಳೆದುಕೊಳ್ಳಲು ಏನೋ ಇದೆ. ಆಮೇಲೆ ಕಾರ್ನಿಯಾ ಕಸಿಯಾಗಿ ಕಣ್ಣು ಬರುತ್ತದೆ, ಕೈಯ ಹಿಡಿತ ತಪ್ಪುತ್ತದೆ. ಕಂಡದ್ದೆಲ್ಲವನ್ನೂ ತೆಗೆಯುತ್ತಾಳೆ, ಯಾವುದೂ ಅವಳಿಗೆ ಒಗ್ಗುವುದಿಲ್ಲ. ಕೊನೆಗೆ ಹಿಮಾಲಯದ ಒಂದು ಹೊಳೆಯ ಸೇತುವೆಯ ಮೇಲೆ ಕೂತಿದ್ದಾಗ ಲೆನ್ಸಿನ ಮುಚ್ಚಳ ಜಾರಿ ನೀರಿಗೆ ಬೀಳುತ್ತದೆ, ಅವಳ ಮುಖದಲ್ಲಿ ನಗು ಮೂಡುತ್ತದೆ. ಕತೆ ಮುಗಿಯಿತು! ನೋಡಲು ಚೆಂದ. ಆದರೆ ಇಷ್ಟು ಹೊತ್ತು ಕಟ್ಟಿದ ಇಕ್ಕಟ್ಟಿಗೆ ಒಂದು ಮುಗುಳ್ನಗೆ, ಒಂದಿಷ್ಟು ಬೆಟ್ಟದ ಗಾಳಿ ಸಾಕೇ?

ಸಾಲದು ಎನ್ನಲು ಕಾರಣವಿದೆ. ಕಣ್ಣು ಬಂದವರ ಬದುಕಿನ ಬಗ್ಗೆ ನಿಜವಾದ ದಾಖಲೆಗಳಿವೆ, ಅವು ಚಿತ್ರಕ್ಕಿಂತ ಎಷ್ಟೋ ಒರಟಾಗಿವೆ. ಬ್ರಿಟನ್ನಿನ ಮನೋವಿಜ್ಞಾನಿ ರಿಚರ್ಡ್ ಗ್ರೆಗರಿ 1963ರಲ್ಲಿ ಸಹೋದ್ಯೋಗಿ ಜೀನ್ ವಾಲೇಸ್ ಜೊತೆ ಪ್ರಕಟಿಸಿದ ಅಧ್ಯಯನದಲ್ಲಿ ಎಸ್.ಬಿ. ಎಂದಷ್ಟೇ ಕರೆಯಲಾದ ಒಬ್ಬ ಮನುಷ್ಯನಿದ್ದಾನೆ. ಹಸುಗೂಸಾಗಿದ್ದಾಗ ಕಣ್ಣು ಹೋಗಿ, ಐವತ್ತೆರಡನೆಯ ವಯಸ್ಸಿನಲ್ಲಿ ಕಾರ್ನಿಯಾ ಕಸಿಯಿಂದ ನೋಟ ಪಡೆದವನು. ಅವನಿಗೆ ಉಪಕರಣಗಳೆಂದರೆ ಪ್ರಾಣ, ಲೇತ್ ಯಂತ್ರ ನೋಡಬೇಕೆಂಬುದು ಬಹಳ ದಿನದ ಆಸೆ. ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಅವನನ್ನು ಗಾಜಿನ ಪೆಟ್ಟಿಗೆಯಲ್ಲಿದ್ದ ಒಂದು ಲೇತಿನ ಮುಂದೆ ನಿಲ್ಲಿಸಿದರು. ಅವನಿಗೆ ಏನೂ ತಿಳಿಯಲಿಲ್ಲ. ಗಾಜು ತೆಗೆಸಿದರು. ಅವನು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಯಂತ್ರದ ಮೇಲೆಲ್ಲ ಕೈಯಾಡಿಸಿದ. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು, ಕಣ್ಣು ತೆರೆದು, ಮುಟ್ಟಿಯಾಯಿತು, ಈಗ ಕಾಣುತ್ತಿದೆ ಎಂಬರ್ಥದ ಮಾತು ಹೇಳಿದ. ಕುರುಡನಾಗಿದ್ದಾಗ ಧೈರ್ಯವಾಗಿ ರಸ್ತೆ ದಾಟುತ್ತಿದ್ದವನು ಕಣ್ಣು ಬಂದ ಮೇಲೆ ವಾಹನಗಳಿಗೆ ಹೆದರಿ ನಡುಗುತ್ತಿದ್ದ. ಸಂಜೆ ದೀಪ ಹಾಕದೆ ಕತ್ತಲಲ್ಲೇ ಕೂತಿರುತ್ತಿದ್ದ. ಶಸ್ತ್ರಚಿಕಿತ್ಸೆಯಾಗಿ ಎರಡು ವರ್ಷದೊಳಗೆ ಖಿನ್ನನಾಗಿ ತೀರಿಕೊಂಡ. ಆಲಿಯಾ ಹುಟ್ಟುಕುರುಡಿಯಲ್ಲ, ಎಸ್.ಬಿ.ಯ ಅನುಭವ ಅವಳದಾಗಬೇಕೆಂದು ನಾನು ಕೇಳುತ್ತಿಲ್ಲ. ಆದರೆ ಗ್ರೆಗರಿಯ ವರದಿಯ ಆ ಒಂದು ಲೇತಿನ ಪ್ರಸಂಗದಲ್ಲಿ, ನೋಡುವುದು ಎಂದರೇನು ಎಂಬ ಪ್ರಶ್ನೆ ಕೈಗೆ ಸಿಗುವಷ್ಟು ಗಟ್ಟಿಯಾಗಿದೆ. ಚಿತ್ರ ಅಂಥ ಜಾಗಕ್ಕೆ ಹತ್ತಿರ ಹೋಗಿ, ಹೊಳೆಯ ಕಡೆ ಮುಖ ತಿರುಗಿಸಿಕೊಳ್ಳುತ್ತದೆ.

ಎರಡನೆಯ ಕತೆಯನ್ನೇ ಚಿತ್ರದ ಶಿಖರವೆಂದು ಹಲವರು ಮೆಚ್ಚಿದ್ದಾರೆ. ನನ್ನ ತಕರಾರು ಗಟ್ಟಿಯಾಗಿರುವುದೂ ಇಲ್ಲಿಯೇ. ಪ್ರಾಣಿಗಳ ಮೇಲೆ ನಡೆಯುವ ಪ್ರಯೋಗಗಳ ವಿರುದ್ಧ ನ್ಯಾಯಾಲಯದಲ್ಲಿ ಹೋರಾಡುವ ಸನ್ಯಾಸಿ ಮೈತ್ರೇಯನಿಗೆ ಯಕೃತ್ತಿನ ಸಿರೋಸಿಸ್ ಬರುತ್ತದೆ. ಬದುಕಬೇಕಾದರೆ ಪ್ರಾಣಿಗಳ ಮೇಲೆ ಪರೀಕ್ಷಿಸಿದ ಔಷಧಿಯನ್ನೇ ನುಂಗಬೇಕು. ಅವನು ಒಲ್ಲೆ ಎನ್ನುತ್ತಾನೆ, ಆಹಾರ ಬಿಡುತ್ತಾನೆ. ಇಕ್ಕಟ್ಟು ಅಪ್ಪಟ. ನೀರಜ್ ಕಬಿ ತಮ್ಮ ಮೈಯನ್ನೇ ಕರಗಿಸಿಕೊಂಡು ಅಭಿನಯಿಸಿದ್ದಾರೆ. ಮೂಳೆಗೆ ಅಂಟಿದ ಚರ್ಮ, ಹಾಸಿಗೆ ಹುಣ್ಣು ಯಾವುದೂ ನಟನೆಯೆನಿಸುವುದಿಲ್ಲ. ತೊಂದರೆ ಇರುವುದು ಮಾತಿನಲ್ಲಿ. ಚಾರ್ವಾಕ ಎಂದೇ ಹೆಸರಿಟ್ಟ ಒಬ್ಬ ಯುವ ವಕೀಲ ಸನ್ಯಾಸಿಯ ಪಕ್ಕದಲ್ಲಿ ನಡೆಯುತ್ತ ವಾದ ಮಾಡುತ್ತಾನೆ. ನಾಸ್ತಿಕನಿಗೆ ಚಾರ್ವಾಕ ಎಂದು ಹೆಸರಿಡುವುದು, ನಾಟಕದ ಖಳನಿಗೆ ದುಷ್ಟಬುದ್ಧಿ ಎಂದು ಹೆಸರಿಟ್ಟ ಹಾಗೆ. ದೇಹದೊಳಗಿನ ಸೂಕ್ಷ್ಮಜೀವಿಗಳು, ಇಚ್ಛಾಸ್ವಾತಂತ್ರ್ಯ, ಕರ್ಮ ಎಲ್ಲವೂ ಮಾತಿನಲ್ಲಿ ಬಂದುಹೋಗುತ್ತವೆ. ಚುರುಕಾದ ಸಂಭಾಷಣೆ, ಒಪ್ಪೋಣ. ಆದರೆ ಇಬ್ಬರೂ ಪರಸ್ಪರ ಎಷ್ಟು ಸಲೀಸಾಗಿ ಮಾತಾಡಿಕೊಳ್ಳುತ್ತಾರೆಂದರೆ, ಒಂದು ಮಾತಿನಿಂದ ಯಾರ ಮುಂದಿನ ಹೆಜ್ಜೆಯೂ ಬದಲಾಗುವುದಿಲ್ಲ.

ಆಮೇಲೆ ಮೈತ್ರೇಯನ ನಿರ್ಧಾರ ಬದಲಾಗುತ್ತದೆ. ಅವನು ಚಿಕಿತ್ಸೆಗೆ ಒಪ್ಪುತ್ತಾನೆ. ಇಡೀ ಕತೆ ಕಾದು ನಿಂತಿದ್ದ ಗಳಿಗೆ ಇದು. ವರ್ಷಗಟ್ಟಲೆ ಕೋರ್ಟಿನಲ್ಲಿ ಹೋರಾಡಿದವನು ಮೊದಲ ಮಾತ್ರೆ ಬಾಯಿಗೆ ಹಾಕಿಕೊಳ್ಳುವಾಗ ಅವನ ಮುಖ ಹೇಗಿತ್ತು? ಜೊತೆಗಿದ್ದ ಸನ್ಯಾಸಿಗಳು ಅವನ ಕಡೆ ಹೇಗೆ ನೋಡಿದರು? ತನ್ನ ಮೊಕದ್ದಮೆಯ ಕಡತವನ್ನು ಅವನು ಏನು ಮಾಡಿದ? ಇದಾವುದೂ ನಮಗೆ ಸಿಗುವುದಿಲ್ಲ. ಆತ್ಮ ಇದೆಯೇ ಎಂದು ಕೇಳಿದರೆ ಗೊತ್ತಿಲ್ಲ ಎನ್ನುತ್ತಾನೆ, ನೋವು ಉಲ್ಬಣಿಸುತ್ತದೆ, ಚಿತ್ರ ಅಲ್ಲಿಂದ ಎದ್ದುಹೋಗುತ್ತದೆ. ಇದನ್ನು ಸಂಯಮ ಎನ್ನುವವರಿದ್ದಾರೆ. ನನಗೆ ಇದು ಪರೀಕ್ಷೆಯ ದಿನ ರಜೆ ಹಾಕಿದಂತೆ ಕಾಣುತ್ತದೆ.

ಕರ್ನಾಟಕದವರಿಗೆ ಈ ಕತೆ ಇನ್ನೂ ಸಪ್ಪೆ ಎನಿಸಲು ಬೇರೊಂದು ಕಾರಣವಿದೆ. ಶ್ರವಣಬೆಳಗೊಳದ ಚಂದ್ರಗಿರಿ ಹತ್ತಿದವರು ಬಂಡೆಯ ಮೇಲಿನ ಸಣ್ಣ ಸಣ್ಣ ಶಾಸನಗಳನ್ನು ನೋಡಿರುತ್ತಾರೆ. ಏಳನೆಯ ಶತಮಾನದಷ್ಟು ಹಳೆಯವೂ ಅಲ್ಲಿವೆ. ಜೈನರ ಸಲ್ಲೇಖನ ವ್ರತ ಹಿಡಿದು, ಉಪವಾಸವಿದ್ದು ದೇಹ ಬಿಟ್ಟ ಮುನಿಗಳ, ಕಂತಿಯರ ಹೆಸರುಗಳು. ಆ ವ್ರತದ ಹಿಂದೆ ಬಹಳ ಕಟ್ಟುನಿಟ್ಟಾದ ವಿಚಾರವಿದೆ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದ ಪ್ರಕಾರ ಪರಿಹಾರವಿಲ್ಲದ ಸಂಕಟ, ಬರಗಾಲ, ಮುಪ್ಪು, ರೋಗ ಬಂದಾಗ ಮಾತ್ರ ಅದನ್ನು ಕೈಗೊಳ್ಳಬೇಕು. ವಾಸಿಯಾಗುವ ಕಾಯಿಲೆಗೆ ಅದು ಸಲ್ಲದು. ವ್ರತ ಹಿಡಿದ ಮೇಲೂ ಐದು ಅತಿಚಾರಗಳಿಂದ ದೂರವಿರಬೇಕೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ: ಬದುಕುವ ಆಸೆ ಕೂಡದು, ಬೇಗ ಸಾಯುವ ಆಸೆಯೂ ಕೂಡದು, ಗೆಳೆಯರ ಮೋಹ ಕೂಡದು, ಉಂಡ ಸುಖದ ನೆನಪು ಕೂಡದು, ಮುಂದೆ ಇಂಥ ಫಲ ಸಿಗಲಿ ಎಂಬ ಬಯಕೆಯೂ ಕೂಡದು. ಈ ಕಣ್ಣಿನಿಂದ ಮೈತ್ರೇಯನನ್ನು ನೋಡಿ. ಅವನ ಕಾಯಿಲೆಗೆ ಚಿಕಿತ್ಸೆಯಿದೆ, ಹಾಗಾಗಿ ಅವನ ಉಪವಾಸವೇ ಪ್ರಶ್ನಾರ್ಹ. ಅದೊಂದು ಪ್ರತಿಭಟನೆಯೋ ವ್ರತವೋ ಎಂದು ಅವನ ಗುರುಗಳೇ ಕೇಳಬೇಕಿತ್ತು. ಕೊನೆಗೆ ಬದುಕುವ ಆಸೆ ಹುಟ್ಟಿದಾಗ ಆದದ್ದು ಸೋಲೋ ಅರಿವೋ ಎಂದು ಪಂಥದೊಳಗೇ ದೊಡ್ಡ ಜಗಳವಾಗಬೇಕಿತ್ತು. ಚಿತ್ರ ಜೈನ ಎಂಬ ಹೆಸರು ಬಳಸದೆ ತನ್ನದೇ ಕಲ್ಪಿತ ಪಂಥವೊಂದನ್ನು ಕಟ್ಟಿಕೊಂಡಿದೆ, ಅದರ ಮೇಲೆ ಈ ನಿಯಮಗಳನ್ನು ಹೇರುವಂತಿಲ್ಲ ಎನ್ನಬಹುದು. ಸರಿ, ಹಾಗಾದರೆ ಆ ಪಂಥಕ್ಕೆ ತನ್ನದೇ ನಿಯಮಗಳಾದರೂ ಇರಬೇಕಲ್ಲ? ಚಿತ್ರ ಬಿಡುಗಡೆಯಾದ ಎರಡು ವರ್ಷಗಳ ನಂತರ, 2015ರ ಆಗಸ್ಟಿನಲ್ಲಿ, ರಾಜಸ್ಥಾನ ಹೈಕೋರ್ಟ್ ಸಂಥಾರಾ ಎಂದೂ ಕರೆಯುವ ಇದೇ ಸಲ್ಲೇಖನ ವ್ರತವನ್ನು ಆತ್ಮಹತ್ಯೆಗೆ ಸಮ ಎಂದಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ಆಗ ಬೀದಿಯಲ್ಲಿ, ಪತ್ರಿಕೆಗಳಲ್ಲಿ ನಡೆದ ವಾದಗಳಲ್ಲಿ ಚಿತ್ರದಲ್ಲಿಲ್ಲದ ಬಿಸಿ ಇತ್ತು.

ಮೂರನೆಯ ಕತೆಗೆ ಬಂದರೆ ನಮ್ಮ ಮನಸ್ಸು ಕೊಂಚ ಹಗುರಾಗುತ್ತದೆ. ಕಿಡ್ನಿ ಕಸಿ ಮಾಡಿಸಿಕೊಂಡ ಷೇರು ದಲ್ಲಾಳಿ ನವೀನ್, ಹಾಸಿಗೆ ಹಿಡಿದ ಅಜ್ಜಿಯ ಶುಶ್ರೂಷೆಗೆ ಆಸ್ಪತ್ರೆಯಲ್ಲಿದ್ದಾನೆ. ದುಡ್ಡು ಬಿಟ್ಟರೆ ನಿನಗೆ ಬೇರೇನು ಗೊತ್ತು ಎಂದು ಚಳವಳಿಗಾರ್ತಿ ಅಜ್ಜಿ ಮೂದಲಿಸುತ್ತಾಳೆ. ಅಲ್ಲೇ ಅವನಿಗೆ ಶಂಕರ್ ಎಂಬ ಗಾರೆ ಕೆಲಸದವನ ವಿಷಯ ತಿಳಿಯುತ್ತದೆ. ಬೇರಾವುದೋ ಆಪರೇಷನ್ನಿಗೆಂದು ಹೋದವನ ಕಿಡ್ನಿಯನ್ನೇ ಕದ್ದಿದ್ದಾರೆ. ತನ್ನೊಳಗಿರುವುದು ಅವನದೇ ಇರಬಹುದೇ ಎಂದು ನವೀನ್ ದಿಗಿಲುಗೊಳ್ಳುತ್ತಾನೆ. ಅಲ್ಲವೆಂದು ಗೊತ್ತಾದ ಮೇಲೂ ಸುಮ್ಮನಿರಲಾರದೆ ಗೆಳೆಯ ಮನ್ನುವನ್ನು ಎಳೆದುಕೊಂಡು ಶಂಕರನ ಮನೆ ಹುಡುಕಿ ಹೊರಡುತ್ತಾನೆ. ಆ ಓಣಿಯ ದೃಶ್ಯವನ್ನು ಮರೆಯುವಂತಿಲ್ಲ. ಎದುರಿನಿಂದ ಒಬ್ಬರು ಬಂದರೆ ಇನ್ನೊಬ್ಬರು ಗೋಡೆಗೆ ಒರಗಿಕೊಳ್ಳಬೇಕು, ಮೆಟ್ಟಿಲೋ ಏಣಿಯೋ ತಿಳಿಯದಂಥ ಹತ್ತುದಾರಿ, ಮನ್ನುವಿನ ಏದುಸಿರು. ಒಂದು ತತ್ತ್ವದ ಮಾತಿಲ್ಲ, ಆದರೆ ಕಿಡ್ನಿ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ ಎಂದು ಆ ಓಣಿಯೇ ಹೇಳುತ್ತದೆ. ಅಂಗಾಂಗ ಮಾರಾಟ ನಿಷೇಧಿಸಿದ ಕಾನೂನು ನಮ್ಮಲ್ಲಿ 1994ರಿಂದಲೇ ಇದೆ. ಆ ಕಾನೂನು ಈ ಓಣಿಯೊಳಗೆ ತೂರಲಾರದು ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ನವೀನ್ ಸ್ವೀಡನ್ನಿಗೂ ಹೋಗುತ್ತಾನೆ, ಶಂಕರನ ಕಿಡ್ನಿ ಪಡೆದವನನ್ನು ಹಿಡಿಯುತ್ತಾನೆ. ಇವನಿಗೆ ನ್ಯಾಯ ಬೇಕು. ಶಂಕರ್ ಕೊನೆಗೆ ದುಡ್ಡು ತಗೊಂಡು ಸುಮ್ಮನಾಗುತ್ತಾನೆ. ಪೆಚ್ಚಾದ ಮೊಮ್ಮಗನಿಗೆ ಅಜ್ಜಿ, ಆಗುವುದು ಇಷ್ಟೇ ಎಂಬಂತೆ ಸಮಾಧಾನ ಹೇಳುತ್ತಾಳೆ. ಇಲ್ಲಿ ಒಂದು ಪ್ರಶ್ನೆ ಒಬ್ಬ ಮನುಷ್ಯನನ್ನು ಕುರ್ಚಿಯಿಂದ ಎಬ್ಬಿಸಿ, ಸಮುದ್ರ ದಾಟಿಸಿ, ಬರಿಗೈಯಲ್ಲಿ ವಾಪಸು ಕಳಿಸಿದೆ. ಮೂರರಲ್ಲಿ ಅತ್ಯಂತ ಕಡಿಮೆ ತತ್ತ್ವ ಮಾತಾಡುವ ಕತೆಯೇ ಅತ್ಯಂತ ಹೆಚ್ಚು ಯೋಚನೆಗೆ ಹಚ್ಚುತ್ತದೆ. ಹಡಗಿನ ಒಗಟಿಗೂ ಇದಕ್ಕೂ ಸಂಬಂಧ ಮಾತ್ರ ಇಲ್ಲ. ಇದು ಕಳ್ಳಮಾಲಿನ ಪ್ರಶ್ನೆ.

ಶೀರ್ಷಿಕೆಯನ್ನು ಅಷ್ಟು ಅಕ್ಷರಶಃ ಯಾಕೆ ಹಿಡಿಯಬೇಕು, ಅದೊಂದು ರೂಪಕ ಎಂಬ ಆಕ್ಷೇಪ ಇಲ್ಲಿ ಏಳುವುದು ಸಹಜ. ಚಿತ್ರದ ಕೊನೆಯ ಭಾಗ ಈ ಆಕ್ಷೇಪಕ್ಕೆ ಬಲ ಕೊಡುತ್ತದೆ ಕೂಡ. ಮೂವರಿಗೂ ಅಂಗ ಕೊಟ್ಟವನು ಒಬ್ಬನೇ ಎಂದು ಆಗ ತಿಳಿಯುತ್ತದೆ. ಅವನಿಂದ ಅಂಗ ಪಡೆದವರೆಲ್ಲ ಒಂದು ಸಭಾಂಗಣದಲ್ಲಿ ಕೂತು, ಗುಹೆಗಳನ್ನು ಹೊಕ್ಕು ನೋಡುವ ಹವ್ಯಾಸವಿದ್ದ ಆ ಮನುಷ್ಯ ತಾನೇ ಚಿತ್ರೀಕರಿಸಿದ ದೃಶ್ಯಗಳನ್ನು ನೋಡುತ್ತಾರೆ. ಗುಹೆಯ ಗೋಡೆಯ ಮೇಲೆ ಅವನ ನೆರಳು ಬೀಳುತ್ತದೆ. ಪ್ಲೇಟೋ ಓದಿದವರು ತಲೆದೂಗುತ್ತಾರೆ. ನಿಜ ಹೇಳಬೇಕೆಂದರೆ ಚಿತ್ರದ ಅತ್ಯುತ್ತಮ ಹೊಳಹು ಇದೇ. ಹಾಬ್ಸ್ ಹೇಳಿದ ಎರಡನೆಯ ಹಡಗು ಇಲ್ಲಿದೆ: ಚದುರಿಹೋದ ಹಲಗೆಗಳೆಲ್ಲ ಮತ್ತೆ ಒಂದೇ ಕೋಣೆಯಲ್ಲಿ ಸೇರಿವೆ. ಸತ್ತವನು ಆ ಕೋಣೆಯಲ್ಲಿ ಇದ್ದಾನೆಯೇ, ಇಲ್ಲವೇ? ಅವನ ತಾಯಿಯೋ ಹೆಂಡತಿಯೋ ಬಾಗಿಲಲ್ಲಿ ನಿಂತು ಅವರನ್ನೆಲ್ಲ ನೋಡಿದ್ದರೆ ಆ ಪ್ರಶ್ನೆಗೆ ಜೀವ ಬಂದುಬಿಡುತ್ತಿತ್ತು. ಯಾವ ಕಣ್ಣನ್ನು ಅವಳು ಮೊದಲು ಹುಡುಕುತ್ತಿದ್ದಳು? ಚಿತ್ರ ಹಾಗೆ ಯಾರನ್ನೂ ಅಲ್ಲಿ ನಿಲ್ಲಿಸುವುದಿಲ್ಲ. ಆ ಹೊಳಹು ಕುರ್ಚಿಗಳ ಜೋಡಣೆಯಲ್ಲಷ್ಟೇ ಉಳಿಯಿತು. ಎರಡು ಗಂಟೆಗೂ ಹೆಚ್ಚು ಕಾಲ ಓಡಿದ ಚಿತ್ರ, ನಿಜವಾಗಿ ಶುರುವಾಗಬೇಕಾದ ಜಾಗದಲ್ಲಿ ಮುಗಿದುಹೋಗುತ್ತದೆ.

ಇಂಥ ಪ್ರಶ್ನೆಯನ್ನು ಕತೆಯಾಗಿಸುವುದು ಸಾಧ್ಯವೇ ಇಲ್ಲ, ಅದು ತತ್ತ್ವಶಾಸ್ತ್ರದ ತರಗತಿಗೆ ಸೇರಿದ್ದು ಎಂದು ಯಾರಾದರೂ ಅಂದರೆ ಕನ್ನಡಿಗರು ನಗಬಹುದು. 1971ರಲ್ಲಿ ಪ್ರಕಟವಾದ ಗಿರೀಶ ಕಾರ್ನಾಡರ ‘ಹಯವದನ’ ನಮ್ಮ ಕಪಾಟಿನಲ್ಲೇ ಇದೆ. ಬೇತಾಳ ಕತೆಯ ಎಳೆ, ಅದನ್ನು ಬೆಳೆಸಿದ ಥಾಮಸ್ ಮನ್ನನ ಕಾದಂಬರಿ, ಎರಡನ್ನೂ ಕಾರ್ನಾಡರು ಹಿಡಿದುಕೊಂಡರು. ದೇವದತ್ತನ ತಲೆ ಕಪಿಲನ ಮೈಗೆ, ಕಪಿಲನ ತಲೆ ದೇವದತ್ತನ ಮೈಗೆ. ಈಗ ಪದ್ಮಿನಿಯ ಗಂಡ ಯಾರು? ಉತ್ತರವನ್ನು ಮುಂದೂಡುವಂತಿಲ್ಲ, ಅವಳು ಆ ರಾತ್ರಿ ಯಾರದೋ ಮನೆಗೆ ಹೋಗಲೇಬೇಕು. ತಲೆಯೇ ಪ್ರಧಾನ ಎಂಬ ಬೇತಾಳ ಕತೆಯ ತೀರ್ಪನ್ನು ಕಾರ್ನಾಡರು ತಂದಿಟ್ಟು, ಆಮೇಲೆ ಅದನ್ನು ಮೈಯ ಮೇಲೆ ಪರೀಕ್ಷಿಸುತ್ತಾರೆ. ದೇವದತ್ತನಿಗೆ ಸಿಕ್ಕ ಕಟ್ಟುಮಸ್ತು ಮೈ ಪುಸ್ತಕ ಹಿಡಿದು ಕೂತು ಕೂತು ಮೆತ್ತಗಾಗುತ್ತದೆ. ಕಾಡು ಸೇರಿದ ಕಪಿಲನ ಹೊಸ ಮೈ ಗಟ್ಟಿಯಾಗುತ್ತದೆ. ಆದರೆ ತಲೆಗೆ ಗೊತ್ತಿಲ್ಲದ ಸ್ಪರ್ಶಗಳ ನೆನಪು ಆ ಮೈಯಲ್ಲಿ ಉಳಿದುಬಿಟ್ಟು ಅವನನ್ನು ಕಾಡುತ್ತದೆ. ಪದ್ಮಿನಿ ತನಗೆ ಎರಡೂ ಬೇಕೆಂದು ಆಸೆಪಟ್ಟಳು, ಸಿಕ್ಕಿತೆಂದುಕೊಂಡಳು, ಕೈಜಾರಿತು. ಮೂವರೂ ಸಾಯುತ್ತಾರೆ. ಇಡೀ ನಾಟಕದಲ್ಲಿ ಒಂದೇ ಒಂದು ಸಲ ಒಗಟನ್ನು ಮೇಷ್ಟರ ಧಾಟಿಯಲ್ಲಿ ವಿವರಿಸುವ ಅಗತ್ಯ ಬೀಳುವುದಿಲ್ಲ, ಜೊತೆಗೆ ಹಾಡಿದೆ, ಹಾಸ್ಯವಿದೆ, ಮಾತಾಡುವ ಗೊಂಬೆಗಳೂ ಇವೆ.

ರಂಗಭೂಮಿ ಬೇರೆ, ಸಿನಿಮಾ ಬೇರೆ ಎಂದರೆ ಪೋಲೆಂಡಿನ ಕೀಸ್ಲೋವ್‌ಸ್ಕಿ 1980ರ ದಶಕದ ಕೊನೆಯಲ್ಲಿ ಟೀವಿಗಾಗಿ ಮಾಡಿದ ‘ಡೆಕಲಾಗ್’ ಸರಣಿಯ ಮೊದಲ ಕಂತು ನೋಡಬಹುದು. ಲೆಕ್ಕಾಚಾರವನ್ನೇ ನಂಬಿದ ಪ್ರಾಧ್ಯಾಪಕ ಅಪ್ಪ ಕಂಪ್ಯೂಟರಿನಲ್ಲಿ ಗಣಿಸಿ, ಕೆರೆಯ ಮಂಜುಗಡ್ಡೆ ಮಗನ ಭಾರ ತಡೆಯುತ್ತದೆ ಎನ್ನುತ್ತಾನೆ. ಮರುದಿನ ಮೇಜಿನ ಮೇಲೆ ಶಾಯಿ ಬಾಟಲಿ ತಾನಾಗಿ ಸೋರಿ ಕಾಗದದ ಮೇಲೆ ಹರಡುತ್ತದೆ. ಹೊರಗೆ ಜನ ಕೆರೆಯ ಕಡೆ ಓಡುತ್ತಿದ್ದಾರೆ. ಒಂದು ಗಂಟೆಗೂ ಕಡಿಮೆ ಅವಧಿಯ ಚಿತ್ರ. ದೇವರಿದ್ದಾನೆಯೇ ಎಂಬ ಪ್ರಶ್ನೆಯನ್ನು ಆ ಅಪ್ಪ ಇನ್ನು ಆರಾಮ ಕುರ್ಚಿಯಲ್ಲಿ ಕೂತು ಕೇಳಲಾರ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಮಾತಿನಲ್ಲೇ ತತ್ತ್ವ ನಡೆಸುವುದು ನಮ್ಮ ಪರಂಪರೆ. ಉಪನಿಷತ್ತುಗಳಿಂದ ಶೂನ್ಯಸಂಪಾದನೆಯವರೆಗೆ ಎಲ್ಲವೂ ಸಂವಾದವೇ. ಮೈತ್ರೇಯ ಮತ್ತು ಚಾರ್ವಾಕ ಅದೇ ದಾರಿಯಲ್ಲಿ ನಡೆದಿದ್ದಾರೆ ಎನ್ನುತ್ತದೆ ಅದು. ಆದರೆ ಆ ಸಂವಾದಗಳನ್ನು ಹತ್ತಿರದಿಂದ ನೋಡಿದರೆ ಬೇರೇನೋ ಕಾಣುತ್ತದೆ. ನಚಿಕೇತ ಮೂರು ರಾತ್ರಿ ಯಮನ ಮನೆಯಲ್ಲಿ ಉಪವಾಸವಿದ್ದ ಮೇಲೆ ಪ್ರಶ್ನೆ ಕೇಳುತ್ತಾನೆ, ಅದೂ ಅಪ್ಪ ತನ್ನನ್ನು ಸಾವಿಗೆ ಕೊಟ್ಟ ಮೇಲೆ. ಶೂನ್ಯಸಂಪಾದನೆಯ ಸಿದ್ಧರಾಮ ಕೆರೆ ಕಟ್ಟೆ ಗುಡಿ ಎಂದು ಬೆವರು ಸುರಿಸುತ್ತಿರುವಾಗ ಅಲ್ಲಮ ಬಂದು ಕೆಣಕುತ್ತಾನೆ. ಅಲ್ಲಿ ಮಾತಿಗಿಂತ ಮೊದಲು ಕಲ್ಲುಗಳು ತೂರಿಬರುತ್ತವೆ. ಹಡಗಿನ ಒಗಟಿಗೆ ತೀರ ಹತ್ತಿರದ, ಮಿಲಿಂದಪನ್ಹ ಎಂಬ ಬೌದ್ಧ ಗ್ರಂಥದ ರಥದ ಪ್ರಸಂಗ ಕೂಡ ಹಾಗೇ. ಅಚ್ಚು ರಥವೇ, ಗಾಲಿ ರಥವೇ ಎಂದು ಕೇಳುವ ಮುಂಚೆ ಭಿಕ್ಷು ನಾಗಸೇನ, ಸುಖದಲ್ಲಿ ಬೆಳೆದ ನೀನು ಈ ಸುಡುಮರಳಿನ ಮೇಲೆ ನಡೆದು ಬಂದೆಯೋ ರಥದಲ್ಲಿ ಬಂದೆಯೋ ಎಂದು ರಾಜ ಮಿಲಿಂದನನ್ನು ವಿಚಾರಿಸುತ್ತಾನೆ. ರಾಜನ ಅಂಗಾಲಿನಿಂದಲೇ ಆ ತರ್ಕ ಶುರುವಾಗುವುದು. ನಮ್ಮ ಚಿತ್ರದ ಚಾರ್ವಾಕನ ಅಂಗಾಲಿಗೆ ಏನೂ ತಾಗುವುದಿಲ್ಲ. ಅವನು ವಾದದಲ್ಲಿ ಗೆದ್ದರೂ ಸೋತರೂ ಸಂಜೆ ಮನೆಗೆ ಹೋಗುತ್ತಾನೆ.

ಹಾಗಾದರೆ ವಿಮರ್ಶಕರು ಮೋಸಹೋದರೇ? ನಾನು ಹಾಗೆ ಹೇಳಲಾರೆ. ಹಿಂದಿ ಚಿತ್ರರಂಗದ ಆ ಹೊತ್ತಿನ ಹವೆಯಲ್ಲಿ, ತಾರೆಯರಿಲ್ಲದೆ, ಪ್ರಾಕೃತದ ಪಠಣ, ಅರೇಬಿಕ್ ಮಾತು, ಸ್ವೀಡನ್ನಿನ ಚಳಿ ಎಲ್ಲವನ್ನೂ ಇಟ್ಟುಕೊಂಡು ಒಬ್ಬ ಹೊಸಬ ಇಂಥ ಚಿತ್ರ ಮಾಡಿದ್ದು ಅವರಿಗೆ ದೊಡ್ಡದಾಗಿ ಕಂಡಿತು, ಅದು ದೊಡ್ಡದೇ. ಅವರು ಚಿತ್ರದ ಹಂಬಲಕ್ಕೆ ಅಂಕ ಕೊಟ್ಟರು. ಇಂಥ ಪ್ರಯತ್ನಗಳೇ ಅಪರೂಪ, ತಪ್ಪು ಹುಡುಕಿದರೆ ಮುಂದೆ ಯಾರೂ ಮಾಡುವುದಿಲ್ಲ ಎಂಬ ಕಾಳಜಿಯೂ ಇದ್ದಿರಬಹುದು. ಈ ಕಾಳಜಿಯನ್ನು ನಾನು ಒಪ್ಪುವುದಿಲ್ಲ. ಎಳೆಯ ಮಕ್ಕಳ ಚಿತ್ರಕಲೆಗೆ ಕೊಡುವ ರಿಯಾಯಿತಿಯನ್ನು ವಯಸ್ಕ ಕಲಾವಿದನಿಗೆ ಕೊಡುವುದು ಅವನಿಗೆ ಮಾಡುವ ಅವಮಾನ. ಆನಂದ್ ಗಾಂಧಿಯವರಿಗೆ ಆ ರಿಯಾಯಿತಿಯ ಅಗತ್ಯವೂ ಇರಲಿಲ್ಲ ಎನ್ನಲು ಸಾಕ್ಷಿ ಇದೆ. 2018ರಲ್ಲಿ ಬಂದ ‘ತುಂಬಾಡ್’ ನಿರ್ದೇಶಿಸಿದವರು ರಾಹಿ ಅನಿಲ್ ಬರ್ವೆ, ಅದರ ಸೃಜನಾತ್ಮಕ ನಿರ್ದೇಶಕರಾಗಿ ಬರವಣಿಗೆಯಲ್ಲೂ ಕೈಜೋಡಿಸಿದವರು ಇದೇ ಆನಂದ್ ಗಾಂಧಿ, ಛಾಯಾಗ್ರಾಹಕರು ಅದೇ ಪಂಕಜ್ ಕುಮಾರ್, ನಾಯಕ ಮತ್ತು ನಿರ್ಮಾಪಕ ಇಲ್ಲಿ ನವೀನನಾಗಿದ್ದ ಅದೇ ಸೋಹಂ ಶಾ. ದುರಾಸೆ ಎಂದರೇನು ಎಂದು ಅದರಲ್ಲಿ ಯಾರೂ ಚರ್ಚೆ ಮಾಡುವುದಿಲ್ಲ. ಹಿಟ್ಟಿನ ಗೊಂಬೆ ಮಾಡಿಕೊಂಡು ಬಾವಿಗೆ ಇಳಿಯುತ್ತಾರೆ, ಅಷ್ಟೇ. ಗಂಭೀರ ಚಿತ್ರವೆಂಬ ಹಣೆಪಟ್ಟಿಯಿಲ್ಲದ ಆ ದೆವ್ವದ ಕತೆ, ಮನುಷ್ಯ ತನ್ನ ಆಸೆಯಿಂದ ಬೇರೆಯಾಗಿ ಉಳಿಯಬಲ್ಲನೇ ಎಂಬ ಪ್ರಶ್ನೆಯನ್ನು ಮಗನ ಕಣ್ಣೆದುರೇ ಅಪ್ಪನ ಮೇಲೆ ಇಟ್ಟು ತೂಗಿತು.

‘ಶಿಪ್ ಆಫ್ ಥೀಸಿಯಸ್’ ನೋಡಿ ನಿರಾಸೆಗೊಂಡವರು ತಮ್ಮ ಬುದ್ಧಿಯನ್ನು ಅನುಮಾನಿಸಬೇಕಾಗಿಲ್ಲ. ಚಿತ್ರವನ್ನು ಇನ್ನೂ ನೋಡದವರು ಬೇಕಾದರೆ ನವೀನನ ಕತೆಯಿಂದ ಶುರು ಮಾಡಿ, ಶಂಕರನ ಓಣಿ ಬಂದಾಗ ಎರಡು ಸಲ ನೋಡಿ. ಹಡಗಿನ ಪ್ರಶ್ನೆಯೇ ತಲೆಗೆ ಹತ್ತಿದ್ದರೆ ‘ಹಯವದನ’ ಓದಿ, ಒಂದೇ ಸಂಜೆಗೆ ಮುಗಿಯುತ್ತದೆ.